ಹಸೆಬೆ ಜರ್ಮನಿಯಲ್ಲಿ 16 ವರ್ಷ ಉಳಿದದ್ದು ಹೇಗೆ?

ಪ್ರಶ್ನೆ: ಜಪಾನಿನ ಫುಟ್‌ಬಾಲ್ ಆಟಗಾರ ಮಕೊಟೊ ಹಸೆಬೆ 40ನೇ ವಯಸ್ಸಿನವರೆಗೂ ಜರ್ಮನಿಯ ಮೊದಲ ದರ್ಜೆಯ ಲೀಗ್ ಬುಂಡೆಸ್‌ಲಿಗಾದಲ್ಲಿ ಆಡಿದರು ಅಂತ ಓದಿದೆ. ಅವರ ವಿಡಿಯೊ ಹುಡುಕಿದರೆ ಗೋಲುಗಳು ಜಾಸ್ತಿ ಇಲ್ಲ, ಡ್ರಿಬ್ಲಿಂಗ್ ಇಲ್ಲ, ಹೇಳಿಕೊಳ್ಳುವಂಥ ವೇಗವೂ ಕಾಣುವುದಿಲ್ಲ. ಹಾಗಿದ್ದರೆ ಅಷ್ಟು ವರ್ಷ ಅಲ್ಲಿ ಉಳಿದದ್ದು ಹೇಗೆ? ಕೇಳಲು ಕಾರಣವಿದೆ. ನನ್ನ ಮಗನಿಗೆ 14 ವರ್ಷ. ಬೆಂಗಳೂರಿನ ಒಂದು ಅಕಾಡೆಮಿಯಲ್ಲಿ ಮಿಡ್‌ಫೀಲ್ಡ್ ಆಡುತ್ತಿದ್ದ. ಈಗ ಕೋಚ್ ಅವನನ್ನು ಡಿಫೆನ್ಸ್‌ಗೆ ಹಾಕಿದ್ದಾರೆ. ತುಂಬಾ ಬೇಜಾರು ಮಾಡಿಕೊಂಡಿದ್ದಾನೆ. ಹೊರದೇಶದಲ್ಲಿ ಆಡಬೇಕು ಅನ್ನುವ ಹುಡುಗನಿಗೆ ಇದು ಹಿನ್ನಡೆಯೇ?

ಉತ್ತರ: ಹಿನ್ನಡೆಯಲ್ಲ. ಅದಕ್ಕೆ ಹಸೆಬೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಜಪಾನಿನಿಂದ ಹೊರಟಾಗ ಅವರು ಮಿಡ್‌ಫೀಲ್ಡರ್. ಜರ್ಮನಿಯಲ್ಲಿ ಬಲಗಡೆ ಮಿಡ್‌ಫೀಲ್ಡ್ ಆಡಿದರು, ರೈಟ್ ಬ್ಯಾಕ್ (ಡಿಫೆನ್ಸ್ ಸಾಲಿನ ಬಲ ಅಂಚು) ಆಡಿದರು, ಡಿಫೆನ್ಸಿವ್ ಮಿಡ್‌ಫೀಲ್ಡ್ ಆಡಿದರು. ಕೊನೆಗೆ ಮೂವರು ಡಿಫೆಂಡರುಗಳ ಸಾಲಿನಲ್ಲಿ ನಡುವಿನ ಜಾಗಕ್ಕೆ ಬಂದು ನಿಂತರು. ಒಂದು ಪಂದ್ಯದಲ್ಲಿ ಗೋಲ್‌ಕೀಪರ್ ಕೂಡ ಆದರು. ಅವರ ಅತ್ಯುತ್ತಮ ವರ್ಷಗಳು ಬಂದದ್ದು 33 ದಾಟಿದ ಮೇಲೆ. ಅದೂ ಆ ಡಿಫೆನ್ಸ್‌ನಲ್ಲಿ.

ಹಾಗಂತ ಇದನ್ನು "ಕೋಚ್ ಹೇಳಿದ್ದಕ್ಕೆಲ್ಲ ತಲೆಯಾಡಿಸು, ಎಲ್ಲ ಸರಿಹೋಗುತ್ತೆ" ಅಂತ ಮಗನಿಗೆ ಹೇಳಿಬಿಡಬೇಡಿ. ಹಸೆಬೆ ಅಷ್ಟು ತೆಪ್ಪಗಿದ್ದವರಲ್ಲ. ತಮಗೆ ಬೇಕಾದ ಜಾಗದಲ್ಲಿ ಆಡುವುದಕ್ಕಾಗಿ ಕ್ಲಬ್ಬನ್ನೇ ಬಿಟ್ಟವರು. ಆ ನಿರ್ಧಾರದಿಂದ ಪೆಟ್ಟನ್ನೂ ತಿಂದವರು. ಆ ಭಾಗ ಬಿಟ್ಟು ಅವರ ಕಥೆ ಹೇಳಿದರೆ ಅರ್ಧ ಹೇಳಿದಂತೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಹಸೆಬೆ ಹುಟ್ಟಿದ್ದು 1984ರ ಜನವರಿಯಲ್ಲಿ, ಶಿಜುಓಕಾ ಪ್ರಾಂತ್ಯದ ಫುಜಿಎಡಾ ಎಂಬ ಊರಿನಲ್ಲಿ. ಜಪಾನಿನಲ್ಲಿ ಫುಟ್‌ಬಾಲ್ ಅಂದರೆ ಶಿಜುಓಕಾ ಅನ್ನುವ ಕಾಲವೊಂದಿತ್ತು. ಫುಜಿಎಡಾ ಹಿಗಾಶಿ ಹೈಸ್ಕೂಲಿನ ತಂಡ ಇಡೀ ದೇಶಕ್ಕೆ ಗೊತ್ತು. ಅಲ್ಲಿಂದ 2002ರಲ್ಲಿ ಅವರು ಉರಾವಾ ರೆಡ್ಸ್ ಕ್ಲಬ್ ಸೇರಿದರು. ಆಗಿನ ಹಸೆಬೆಯನ್ನು ನೋಡಿದರೆ ನಿಮ್ಮ ಪ್ರಶ್ನೆಯೇ ಬದಲಾಗುತ್ತಿತ್ತು. ಚೆಂಡು ಸಿಕ್ಕರೆ ಎದುರಾಳಿಗಳ ಮಧ್ಯೆ ನುಗ್ಗಿ ಓಡುವ ಹುಡುಗ ಆತ. 2004ರಲ್ಲಿ, 20ನೇ ವಯಸ್ಸಿಗೇ, ಜಪಾನಿನ ವೃತ್ತಿಪರ ಲೀಗ್ ಆದ ಜೆ.ಲೀಗ್‌ನ ವರ್ಷದ ಹನ್ನೊಂದು ಮಂದಿಯ ತಂಡದಲ್ಲಿ ಹೆಸರು ಬಂತು. 2006ರಲ್ಲಿ ಲೀಗ್ ಪ್ರಶಸ್ತಿ, 2007ರಲ್ಲಿ ಏಷ್ಯನ್ ಚಾಂಪಿಯನ್ಸ್ ಲೀಗ್. ಅಂದರೆ ಜಪಾನಿನಲ್ಲಿ ಗೆಲ್ಲಬಹುದಾದದ್ದನ್ನೆಲ್ಲ 23ಕ್ಕೇ ಗೆದ್ದು ಮುಗಿಸಿದ್ದರು.

ಇಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. 2004ರಿಂದ 2006ರವರೆಗೆ ಉರಾವಾದ ಕೋಚ್ ಗುಯಿಡೊ ಬುಖ್‌ವಾಲ್ಡ್. 1990ರಲ್ಲಿ ವಿಶ್ವಕಪ್ ಗೆದ್ದ ಪಶ್ಚಿಮ ಜರ್ಮನಿ ತಂಡದ ಡಿಫೆಂಡರ್. ಅವರ ನಂತರ ಬಂದವರು ಹೋಲ್ಗರ್ ಓಸಿಯೆಕ್, ಅವರೂ ಜರ್ಮನ್. ಹಾಗಾಗಿ ಜರ್ಮನ್ ಕೋಚ್ ಏನು ಕೇಳುತ್ತಾನೆ, ಯಾವುದಕ್ಕೆ ಸಿಟ್ಟಾಗುತ್ತಾನೆ ಎಂಬುದು ವಿಮಾನ ಹತ್ತುವ ಮೊದಲೇ ಹಸೆಬೆಗೆ ಗೊತ್ತಿತ್ತು. ಹೊರದೇಶಕ್ಕೆ ಹೋಗುವ ಆಟಗಾರ ಸೋಲುವುದು ಎಷ್ಟೋ ಸಲ ಆಟದಲ್ಲಲ್ಲ, ಇಂಥ ಸಣ್ಣ ವಿಷಯಗಳಲ್ಲಿ.

ಜಪಾನೀಯರು ಜರ್ಮನಿಗೇ ಯಾಕೆ ಹೋಗುತ್ತಾರೆ ಅಂತ ನೀವು ಕೇಳಿಲ್ಲ. ಆದರೂ ಹೇಳಬೇಕು, ಯಾಕೆಂದರೆ ಹಸೆಬೆಗೆ ದಾರಿ ಸಿದ್ಧವಾಗಿತ್ತು. ಅವರೇ ಕಾಡು ಕಡಿದು ಹೋದವರಲ್ಲ. 1960ರಲ್ಲಿ ಡೆಟ್ಮಾರ್ ಕ್ರಾಮರ್ ಎಂಬ ಜರ್ಮನ್ ಕೋಚ್ ಟೋಕಿಯೊ ಒಲಿಂಪಿಕ್ಸ್‌ಗೆ ತಂಡ ಕಟ್ಟಲು ಜಪಾನಿಗೆ ಬಂದರು. ತಂಡ ಕಟ್ಟಿದರೆ ಸಾಲದು, ನಿಮಗೊಂದು ರಾಷ್ಟ್ರೀಯ ಲೀಗ್ ಬೇಕು ಅಂತ ಪಟ್ಟುಹಿಡಿದರು. 1965ರಲ್ಲಿ ಕಂಪನಿ ತಂಡಗಳ ಲೀಗ್ ಶುರುವಾಯಿತು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಜಪಾನಿಗೆ ಕಂಚು ಬಂತು. 1977ರಲ್ಲಿ ಫುರುಕಾವಾ ಎಲೆಕ್ಟ್ರಿಕ್ ಕಂಪನಿಯ ಯಾಸುಹಿಕೊ ಒಕುಡೆರಾ ಜರ್ಮನಿಯ ಕಲೋನ್ ಕ್ಲಬ್‌ಗೆ ಹೋದರು. ಹೋದ ಮೊದಲ ಸೀಸನ್‌ನಲ್ಲೇ ಬುಂಡೆಸ್‌ಲಿಗಾ ಮತ್ತು ಜರ್ಮನ್ ಕಪ್ ಎರಡನ್ನೂ ಗೆದ್ದರು. ಬುಂಡೆಸ್‌ಲಿಗಾದಲ್ಲಿ 234 ಪಂದ್ಯ ಆಡಿದರು. "ಜಪಾನಿನವನು ಇಲ್ಲಿ ಆಡಬಲ್ಲನೇ" ಎಂಬ ಪ್ರಶ್ನೆಗೆ ಜರ್ಮನಿಯಲ್ಲಿ ಅಷ್ಟು ಹಿಂದೆಯೇ ಉತ್ತರ ಸಿಕ್ಕಿತ್ತು.

ಇನ್ನೊಂದು ಕಾರಣ ಕಾನೂನು. ಇದನ್ನು ನಮ್ಮಲ್ಲಿ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. 2006-07ರ ಸೀಸನ್‌ನಿಂದ ಬುಂಡೆಸ್‌ಲಿಗಾ ಯುರೋಪಿನ ಹೊರಗಿನ ಆಟಗಾರರ ಮೇಲಿದ್ದ ಸಂಖ್ಯಾಮಿತಿಯನ್ನು ತೆಗೆದುಹಾಕಿತು. ಸ್ಪೇನ್‌ನಲ್ಲಿ ಒಂದು ತಂಡಕ್ಕೆ ಯುರೋಪಿನ ಹೊರಗಿನವರು ಮೂವರು ಮಾತ್ರ. ಆ ಮೂರು ಜಾಗಕ್ಕೆ ಬ್ರೆಜಿಲ್, ಅರ್ಜೆಂಟೀನಾದವರ ಜೊತೆ ಪೈಪೋಟಿ. ಇಂಗ್ಲೆಂಡ್‌ನಲ್ಲಿ ವರ್ಕ್ ಪರ್ಮಿಟ್‌ಗೆ ರಾಷ್ಟ್ರೀಯ ತಂಡದಲ್ಲಿ ಎಷ್ಟು ಪಂದ್ಯ ಆಡಿದ್ದೀರಿ, ನಿಮ್ಮ ದೇಶದ ಫಿಫಾ ರ್ಯಾಂಕಿಂಗ್ ಎಷ್ಟು ಅಂತ ಆಗ ಲೆಕ್ಕ ಹಾಕುತ್ತಿದ್ದರು. ಜರ್ಮನಿಯಲ್ಲಿ ಕ್ಲಬ್‌ಗೆ ನೀವು ಬೇಕು ಅನ್ನಿಸಿದರೆ ಬಹುಮಟ್ಟಿಗೆ ಸಾಕು. ಬೆಲೆಯೂ ಕಡಿಮೆ ಇರುತ್ತಿತ್ತು. 2010ರಲ್ಲಿ ಶಿಂಜಿ ಕಗಾವಾ ಡಾರ್ಟ್‌ಮಂಡ್‌ಗೆ ಬಂದದ್ದು ಮೂರೂವರೆ ಲಕ್ಷ ಯುರೋಗೆ. ಎರಡು ಲೀಗ್ ಪ್ರಶಸ್ತಿ ಗೆದ್ದುಕೊಟ್ಟು 2012ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದರು. ಅದನ್ನು ನೋಡಿದ ಮೇಲೆ ಜರ್ಮನಿಯ ಕ್ಲಬ್‌ಗಳು ಜಪಾನಿನ ಮೇಲೆ ಕಣ್ಣಿಡದೆ ಇರುತ್ತವೆಯೇ?

ಹಸೆಬೆ ಹೋದದ್ದು ಅದಕ್ಕೂ ಮುಂಚೆ, 2008ರ ಜನವರಿಯಲ್ಲಿ. ಫೋಕ್ಸ್‌ವ್ಯಾಗನ್ ಕಾರ್ಖಾನೆಯ ಊರು ವುಲ್ಫ್ಸ್‌ಬರ್ಗ್‌ಗೆ. ಜನವರಿ ಅಂದರೆ ಜಪಾನಿನ ಆಟಗಾರನಿಗೆ ಅತ್ಯಂತ ಕಷ್ಟದ ಸಮಯ. ಜೆ.ಲೀಗ್ ಆಗ ವಸಂತದಲ್ಲಿ ಶುರುವಾಗಿ ಡಿಸೆಂಬರ್‌ಗೆ ಮುಗಿಯುತ್ತಿತ್ತು. ಇಡೀ ವರ್ಷ ಆಡಿ ದಣಿದ ಕಾಲು. ಅಲ್ಲಿ ನೋಡಿದರೆ ಸೀಸನ್ ಅರ್ಧಕ್ಕೆ ಬಂದಿದೆ, ಮೈದಾನ ಹೆಪ್ಪುಗಟ್ಟಿದೆ, ತಂಡ ಆಗಲೇ ಒಗ್ಗಿಕೊಂಡಿದೆ.

ಕೋಚ್ ಯಾರು? ಫೆಲಿಕ್ಸ್ ಮಗಾತ್. ಇವರ ತರಬೇತಿಯ ಬಗ್ಗೆ ಕೇಳಿದ್ದೀರೋ ಇಲ್ಲವೋ. ಭಾರದ ಮೆಡಿಸಿನ್ ಬಾಲ್ ಹೊತ್ತು ಓಡಿಸುವವರು. ವುಲ್ಫ್ಸ್‌ಬರ್ಗ್‌ನ ತರಬೇತಿ ಮೈದಾನದಲ್ಲಿ ಗುಡ್ಡವೇ ಇರಲಿಲ್ಲ ಅಂತ ಮಣ್ಣು ಹಾಕಿಸಿ ಗುಡ್ಡ ಮಾಡಿಸಿ, ಮೆಟ್ಟಿಲು ಕಟ್ಟಿಸಿ, ಆಟಗಾರರನ್ನು ಹತ್ತಿಸಿ ಇಳಿಸಿದವರು. ಹಸೆಬೆ ಹತ್ತಿದರು. 2008-09ರಲ್ಲಿ ಆ ತಂಡ ಬುಂಡೆಸ್‌ಲಿಗಾ ಗೆದ್ದಿತು. ವುಲ್ಫ್ಸ್‌ಬರ್ಗ್‌ನ ಇತಿಹಾಸದಲ್ಲಿ ಇವತ್ತಿನವರೆಗೂ ಅದೊಂದೇ ಲೀಗ್ ಪ್ರಶಸ್ತಿ. ಎಲ್ಲರಿಗೂ ನೆನಪಿರುವುದು ಗ್ರಫೀಟೆಯ 28 ಗೋಲು, ಜೆಕೊ ಅವರ 26 ಗೋಲು. ಇವರಿಬ್ಬರ ಹಿಂದೆ ಪಾಸ್ ಕೊಡಲು ಮಿಸಿಮೊವಿಚ್. ಈ ಮೂವರೂ ಹಿಂದೆ ಓಡಿ ಬರುವುದು ಕಡಿಮೆ. ಹಾಗಾದರೆ ಆ ಓಟ ಯಾರದು? ನಾಲ್ವರು ಮಿಡ್‌ಫೀಲ್ಡರುಗಳನ್ನು ವಜ್ರದ ಆಕಾರದಲ್ಲಿ ನಿಲ್ಲಿಸುತ್ತಿದ್ದರು. ಅದರ ಬಲಮೂಲೆಗೆ ಹಸೆಬೆ. ಮುಂದಕ್ಕೂ ಓಡಬೇಕು, ರೈಟ್ ಬ್ಯಾಕ್ ಮೇಲೆ ಹೋದಾಗ ಅವನ ಜಾಗವನ್ನೂ ಕಾಯಬೇಕು. ಜಪಾನಿನಲ್ಲಿ ಡ್ರಿಬ್ಲಿಂಗ್‌ಗೆ ಹೆಸರಾಗಿದ್ದವರು ಇಲ್ಲಿ ಬೇರೆಯವರ ಖಾಲಿ ಜಾಗ ತುಂಬುವ ಕೆಲಸಕ್ಕೆ ನಿಂತರು. ಒಕುಡೆರಾ ನಂತರ ಬುಂಡೆಸ್‌ಲಿಗಾ ಗೆದ್ದ ಎರಡನೇ ಜಪಾನೀ ಆದರು.

ಅದೇ ಸೀಸನ್‌ನ ಮಧ್ಯದಲ್ಲಿ ಯೊಶಿತೊ ಒಕುಬೊ ಎಂಬ ಇನ್ನೊಬ್ಬ ಜಪಾನೀ ಫಾರ್ವರ್ಡ್ ಕೂಡ ವುಲ್ಫ್ಸ್‌ಬರ್ಗ್‌ಗೆ ಬಂದರು. ಅರ್ಧ ವರ್ಷದಲ್ಲೇ ಊರಿಗೆ ಮರಳಿದರು. ಒಕುಬೊ ಕಳಪೆ ಆಟಗಾರರೇ? ಖಂಡಿತ ಅಲ್ಲ. 2013ರಿಂದ 2015ರವರೆಗೆ ಸತತ ಮೂರು ವರ್ಷ ಜೆ.ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಅವರೇ. ಆದರೆ ಅವರ ಕಸುಬು ಗೋಲು. ಆ ಜಾಗದಲ್ಲಿ ಗ್ರಫೀಟೆ ಮತ್ತು ಜೆಕೊ ಕೂತಿದ್ದರು. ಹಸೆಬೆಗೆ ಹೀಗೆ ಒಂದೇ ಬಾಗಿಲು ಇರಲಿಲ್ಲ. ಅವರನ್ನು ಬಲಕ್ಕೆ ಹಾಕಬಹುದಿತ್ತು, ನಡುವೆ ಹಾಕಬಹುದಿತ್ತು, ಹಿಂದೆ ಹಾಕಬಹುದಿತ್ತು. ಹೊರದೇಶದ ಕ್ಲಬ್‌ನಲ್ಲಿ ಮೊದಲ ಎರಡು ವರ್ಷ ಉಳಿಯುವುದಕ್ಕೆ ಇದು ದೊಡ್ಡ ಆಸರೆ. ನಿಮ್ಮ ಮಗನ ವಿಷಯದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದೂ ಇದನ್ನೇ.

ಆದರೆ ಎಲ್ಲ ಜಾಗಕ್ಕೂ ಸಲ್ಲುವವನಿಗೆ ತನ್ನದೇ ಅಂತ ಒಂದು ಜಾಗ ಇರುವುದಿಲ್ಲ. ಹಸೆಬೆಗೆ ಅದರ ನೋವು ಚೆನ್ನಾಗಿಯೇ ತಟ್ಟಿತು. 2011ರ ಸೆಪ್ಟೆಂಬರ್‌ನಲ್ಲಿ ಹೋಫನ್‌ಹೈಮ್ ವಿರುದ್ಧದ ಪಂದ್ಯ. ವುಲ್ಫ್ಸ್‌ಬರ್ಗ್‌ನ ಗೋಲ್‌ಕೀಪರ್ ಹಿಟ್ಸ್‌ಗೆ ರೆಡ್ ಕಾರ್ಡ್. ಮೂರೂ ಬದಲಿ ಆಟಗಾರರನ್ನು ಆಗಲೇ ಇಳಿಸಿಯಾಗಿತ್ತು. ಕೀಪರ್‌ನ ಅಂಗಿ, ಕೈಗವಸು ಹಾಕಿಕೊಂಡು ಗೋಲಿಗೆ ಹೋಗಿ ನಿಂತವರು ಹಸೆಬೆ. ಒಂದು ಗೋಲು ಬಿತ್ತು, ಹೊಡೆದದ್ದು ರಾಬರ್ಟೊ ಫಿರ್ಮಿನೊ. ವುಲ್ಫ್ಸ್‌ಬರ್ಗ್ 3-1ಕ್ಕೆ ಸೋತಿತು. ಇದನ್ನು ತಮಾಷೆಯ ತುಣುಕಾಗಿ ಹಂಚಿಕೊಳ್ಳುವವರೇ ಹೆಚ್ಚು. ನನಗೆ ಅದರಲ್ಲಿ ಕಾಣುವುದು ಬೇರೆ. ಹತ್ತು ಜನ ಉಳಿದಿರುವಾಗ, ಸೋಲುತ್ತಿರುವಾಗ, ಆ ಕೆಲಸ ಯಾರಿಗೂ ಬೇಡ. ಅಂಥ ಕೆಲಸ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಇವರ ಮುಂದೆ.

ಅಷ್ಟರಲ್ಲಿ ಮಗಾತ್ ಒಮ್ಮೆ ಕ್ಲಬ್ ಬಿಟ್ಟು ಹೋಗಿ 2011ರಲ್ಲಿ ಮರಳಿ ಬಂದಿದ್ದರು. 2012ರ ಬೇಸಿಗೆಯಲ್ಲಿ ಹಸೆಬೆ ಬೇರೆ ಕ್ಲಬ್‌ಗೆ ಹೋಗಲು ಬಯಸಿದರು. ಅದು ಕೈಗೂಡಲಿಲ್ಲ. ಸೀಸನ್ ಶುರುವಾದಾಗ ಅವರ ಹೆಸರು ತಂಡದಲ್ಲೇ ಇಲ್ಲ. ಬೆಂಚಿನಲ್ಲೂ ಇಲ್ಲ. ಜಪಾನಿನ ರಾಷ್ಟ್ರೀಯ ತಂಡದ ನಾಯಕ ತನ್ನ ಕ್ಲಬ್‌ನಲ್ಲಿ ಗ್ಯಾಲರಿಯಲ್ಲಿ ಕೂತು ಪಂದ್ಯ ನೋಡುವ ಪರಿಸ್ಥಿತಿ. ಅಕ್ಟೋಬರ್ ಕೊನೆಯಲ್ಲಿ ಮಗಾತ್ ಹುದ್ದೆ ಬಿಟ್ಟರು. ತಾತ್ಕಾಲಿಕವಾಗಿ ಬಂದ ಲೊರೆನ್ಸ್-ಗುಂಟರ್ ಕೋಸ್ಟ್‌ನರ್ ಕೂಡಲೇ ಹಸೆಬೆಯನ್ನು ಆಡಿಸಿದರು. ಅಷ್ಟು ವಾರ ಪಂದ್ಯವಿಲ್ಲದೆ ಇದ್ದವರು ನೇರವಾಗಿ ತಂಡಕ್ಕೆ ಬಂದು ಅಲ್ಲೇ ಉಳಿದರು. ಇದು ಸುಮ್ನೆ ಆಗುವುದಲ್ಲ. ಆಡಿಸದ ದಿನಗಳಲ್ಲೂ ಆಡುವವನ ಹಾಗೇ ತರಬೇತಿ ಮಾಡಿದವನಿಗೆ ಮಾತ್ರ ಆಗುತ್ತದೆ. ಫುಟ್‌ಬಾಲ್‌ನಲ್ಲಿ ಕೋಚ್‌ಗಳು ಬದಲಾಗುತ್ತಲೇ ಇರುತ್ತಾರೆ. ಹೊಸಬ ಬಂದ ದಿನ ನಿಮ್ಮ ದೇಹ ಸಿದ್ಧವಿರಬೇಕು, ಅಷ್ಟೆ.

2013ರ ಸೆಪ್ಟೆಂಬರ್‌ನಲ್ಲಿ, ವರ್ಗಾವಣೆಯ ಕೊನೆಯ ದಿನ, ಅವರು ನ್ಯೂರ್ನ್‌ಬರ್ಗ್ ಸೇರಿದರು. ಅವರಿಗೆ ಬೇಕಿದ್ದದ್ದು ಮೈದಾನದ ನಡುವಿನ ಜಾಗ. ಬಲಗಡೆ ಆಡಿ ಸಾಕಾಗಿತ್ತು. ಮುಂದಿನ ವರ್ಷ ಬ್ರೆಜಿಲ್‌ನಲ್ಲಿ ವಿಶ್ವಕಪ್, ದೇಶಕ್ಕೆ ಆಡುವ ಜಾಗದಲ್ಲೇ ಕ್ಲಬ್‌ಗೂ ಆಡಬೇಕು ಅನ್ನುವುದು ನ್ಯಾಯವೇ ಅಲ್ವಾ. ಬಯಸಿದ ಜಾಗ ಸಿಕ್ಕಿತು. ಆದರೆ 2014ರ ಜನವರಿಯಲ್ಲಿ ಮೊಣಕಾಲಿನ ಮೆನಿಸ್ಕಸ್ ಗಾಯವಾಗಿ ಶಸ್ತ್ರಚಿಕಿತ್ಸೆ ಆಯಿತು. ಸೀಸನ್‌ನ ಉಳಿದ ಭಾಗ ಬಹುಪಾಲು ಕೈತಪ್ಪಿತು. ನ್ಯೂರ್ನ್‌ಬರ್ಗ್ ಎರಡನೇ ಡಿವಿಷನ್‌ಗೆ ಇಳಿಯಿತು. ಬ್ರೆಜಿಲ್‌ನಲ್ಲಿ ಜಪಾನ್ ಒಂದೂ ಪಂದ್ಯ ಗೆಲ್ಲದೆ ಮೊದಲ ಸುತ್ತಲ್ಲೇ ಹೊರಬಿತ್ತು. ಆಗ ಹಸೆಬೆಗೆ 30 ವರ್ಷ. ಅಲ್ಲಿಗೇ ಜಪಾನಿಗೆ ಮರಳಿದ್ದರೂ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆ ನಿರ್ಧಾರ ತಪ್ಪಾಗಿತ್ತು ಅಂತ ನಾನೂ ಹೇಳುವುದಿಲ್ಲ. ಬೇಕಾದದ್ದನ್ನು ಒಮ್ಮೆ ಕೇಳಿ ಪಡೆದು ನೋಡದಿದ್ದರೆ, ಮುಂದೆ ಬೇರೆ ಜಾಗಕ್ಕೆ ಅಷ್ಟು ಹಗುರ ಮನಸ್ಸಿನಿಂದ ಹೋಗಲು ಆಗುತ್ತಿತ್ತೋ ಇಲ್ಲವೋ.

2014ರಲ್ಲಿ ಐನ್‌ಟ್ರಾಕ್ಟ್ ಫ್ರಾಂಕ್‌ಫರ್ಟ್ ಸೇರಿದರು. ಅಲ್ಲಿ ಹತ್ತು ವರ್ಷ. ಮೊದಲ ಎರಡು ವರ್ಷದ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. 2016ರಲ್ಲಿ ತಂಡ ಡಿವಿಷನ್ ಕಳೆದುಕೊಳ್ಳುವ ಅಂಚಿಗೆ ಬಂದು, ಪ್ಲೇ ಆಫ್‌ನಲ್ಲಿ ಅದೇ ನ್ಯೂರ್ನ್‌ಬರ್ಗನ್ನು ಸೋಲಿಸಿ ಉಳಿದುಕೊಂಡಿತು. ಆ ಮಾರ್ಚ್‌ನಲ್ಲಿ ಬಂದಿದ್ದ ಕೋಚ್ ನಿಕೊ ಕೊವಾಚ್. ಹಸೆಬೆಯ ಎರಡನೇ ಬದುಕು ಶುರುವಾದದ್ದು ಇವರಿಂದ.

ಮುಂದಿನ ಸೀಸನ್‌ನಲ್ಲಿ ಕೊವಾಚ್ ಮೂವರು ಡಿಫೆಂಡರುಗಳ ಸಾಲನ್ನು ಆಡಿಸಲು ತೊಡಗಿದರು. ನಡುವೆ ನಿಲ್ಲಲು 1.80 ಮೀಟರ್ ಎತ್ತರದ, 32 ದಾಟಿದ ಮಿಡ್‌ಫೀಲ್ಡರ್ ಹಸೆಬೆಯನ್ನು ಆರಿಸಿದರು. ಬುಂಡೆಸ್‌ಲಿಗಾದ ಫಾರ್ವರ್ಡ್‌ಗಳ ಎದುರು ಅದು ಡಿಫೆಂಡರ್‌ನ ಎತ್ತರವಲ್ಲ. ಆದರೆ ಎಡಬಲಕ್ಕೆ ಡೇವಿಡ್ ಅಬ್ರಹಾಂ, ಆಮೇಲಿನ ವರ್ಷಗಳಲ್ಲಿ ಮಾರ್ಟಿನ್ ಹಿಂಟರೆಗರ್‌ರಂಥ ಗಟ್ಟಿಯವರು ಇದ್ದರು. ಎದುರಾಳಿಗೆ ಅಂಟಿಕೊಂಡು ಹೆಗಲಿಗೆ ಹೆಗಲು ಕೊಡುವುದು ಅವರ ಕೆಲಸ. ಹಸೆಬೆಗೆ ಯಾರೂ ಗಂಟು ಬಿದ್ದಿರಲಿಲ್ಲ. ಹಳೆಯ ಕಾಲದಲ್ಲಿ ಲಿಬೆರೊ ಅನ್ನುತ್ತಿದ್ದರಲ್ಲ, ಅದೇ ಜಾಗ.

ಅವರು ಅಲ್ಲಿ ಏನು ಮಾಡುತ್ತಿದ್ದರು ಅಂತ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ, ಯಾಕೆಂದರೆ ಹೈಲೈಟ್ಸ್ ವಿಡಿಯೊದಲ್ಲಿ ಇದು ಕಾಣುವುದೇ ಇಲ್ಲ. ಚೆಂಡು ಎದುರಾಳಿಯ ಮಿಡ್‌ಫೀಲ್ಡರ್ ಬಳಿ ಇದೆ ಅನ್ನಿ. ಉಳಿದ ಡಿಫೆಂಡರುಗಳ ಕಣ್ಣು ಚೆಂಡಿನ ಮೇಲೆ. ಹಸೆಬೆ ಒಮ್ಮೆ ಎಡ ಭುಜದ ಹಿಂದೆ ನೋಡುತ್ತಾರೆ, ಒಮ್ಮೆ ಬಲ ಭುಜದ ಹಿಂದೆ. ಕೈ ಚಾಚಿ ಅಬ್ರಹಾಂಗೆ ಎರಡು ಹೆಜ್ಜೆ ಒಳಕ್ಕೆ ಬಾ ಅನ್ನುತ್ತಾರೆ. ಪಾಸ್ ಕೊಡುವವನ ಕಾಲು ಹಿಂದಕ್ಕೆ ಹೋದ ಆ ಕ್ಷಣಕ್ಕೆ ಇವರು ಆಗಲೇ ಹೊರಟಿರುತ್ತಾರೆ. ಓಟವಲ್ಲ ಅದು, ಮೂರೇ ಹೆಜ್ಜೆ. ಫಾರ್ವರ್ಡ್‌ನ ಮುಂದೆ ಹೋಗಿ ತುದಿಗಾಲಲ್ಲಿ ಚೆಂಡು ತಡೆಯುತ್ತಾರೆ. ಅಲ್ಲಿಂದ ಮುಂದಿನದು ಹಳೆಯ ಮಿಡ್‌ಫೀಲ್ಡರ್‌ನ ಕೆಲಸ. ಸಾಮಾನ್ಯ ಡಿಫೆಂಡರ್ ಆಗಿದ್ದರೆ ಚೆಂಡನ್ನು ದೂರ ಒದ್ದು ಉಸಿರು ಬಿಡುತ್ತಿದ್ದ. ಹಸೆಬೆ ತಲೆ ಎತ್ತಿ, ಎದುರಾಳಿಯ ಇಬ್ಬರ ನಡುವಿನ ಸಂದಿಯಲ್ಲಿ ನೆಲದ ಮೇಲೇ ಪಾಸ್ ಕೊಡುತ್ತಾರೆ. ದಾಳಿ ಮಾಡುತ್ತಿದ್ದ ಎದುರಾಳಿ ತಂಡ, ಒಂದೇ ಪಾಸ್‌ನಲ್ಲಿ ಹಿಂದಕ್ಕೆ ಓಡುವ ತಂಡ ಆಗುತ್ತದೆ.

ವೇಗ ಕಾಣುವುದಿಲ್ಲ ಅಂದಿರಲ್ಲ, ಅದಕ್ಕೆ ಉತ್ತರ ಇಲ್ಲಿದೆ. ಮೊದಲೇ ಹೊರಟವನು ವೇಗವಾಗಿ ಓಡಬೇಕಾಗಿಲ್ಲ. ಈ ಜಾಣತನ ಅವರಿಗೆ ಡಿಫೆನ್ಸ್‌ಗೆ ಬಂದ ಮೇಲೆ ಬಂದದ್ದಲ್ಲ. ರೈಟ್ ಬ್ಯಾಕ್ ಆಡಿದ್ದರಿಂದ ಅಂಚಿನಲ್ಲಿ ನಿಂತವನ ಕಷ್ಟ ಗೊತ್ತು. ಮಿಡ್‌ಫೀಲ್ಡ್ ಆಡಿದ್ದರಿಂದ ಪಾಸ್ ಕೊಡುವವನು ಎಲ್ಲಿ ನೋಡುತ್ತಾನೆ ಅಂತ ಗೊತ್ತು. ಬೇಡ ಬೇಡ ಅಂದುಕೊಂಡು ಆಡಿದ ಜಾಗಗಳೆಲ್ಲ ಒಟ್ಟಿಗೆ ಕೂಡಿ ಉಪಯೋಗಕ್ಕೆ ಬಂದದ್ದು ಇಲ್ಲಿ.

ಗಾಯಗಳು ಬರದೆ ಇರಲಿಲ್ಲ. 2017ರ ಮಾರ್ಚ್‌ನಲ್ಲಿ ಬಯರ್ನ್ ವಿರುದ್ಧ ಮೊಣಕಾಲು ಕೆಟ್ಟು ಸೀಸನ್ ಮುಗಿಯಿತು. ಆ ವರ್ಷದ ಜರ್ಮನ್ ಕಪ್ ಫೈನಲ್‌ನಲ್ಲಿ ಫ್ರಾಂಕ್‌ಫರ್ಟ್ ಡಾರ್ಟ್‌ಮಂಡ್‌ಗೆ ಸೋತಿತು, ಹಸೆಬೆ ಮೈದಾನದಲ್ಲಿರಲಿಲ್ಲ. ಮರುವರ್ಷ ಅದೇ ಬರ್ಲಿನ್‌ನಲ್ಲಿ, 2018ರ ಮೇ 19ರಂದು, ಬಯರ್ನ್ ಎದುರು 3-1 ಗೆಲುವು. ಈ ಸಲ ಹಸೆಬೆ ಇದ್ದರು. ಫ್ರಾಂಕ್‌ಫರ್ಟ್‌ಗೆ 1988ರ ನಂತರ ಬಂದ ಮೊದಲ ದೊಡ್ಡ ಕಪ್ ಅದು. ಮುಂದಿನ ಸೀಸನ್‌ನಲ್ಲಿ ಯುರೋಪಿನ ಕ್ಲಬ್‌ಗಳ ಎರಡನೇ ದೊಡ್ಡ ಟೂರ್ನಿಯಾದ ಯುರೋಪಾ ಲೀಗ್‌ನ ಸೆಮಿಫೈನಲ್‌ವರೆಗೆ ಹೋಗಿ ಚೆಲ್ಸಿಗೆ ಪೆನಾಲ್ಟಿಯಲ್ಲಿ ಸೋತರು. ನನ್ನ ಅಭಿಪ್ರಾಯದಲ್ಲಿ ಹಸೆಬೆ ಅತಿ ಚೆನ್ನಾಗಿ ಆಡಿದ ಸೀಸನ್ ಅದೇ. ಆಗ ಅವರಿಗೆ 35. ಆ ನಡುವೆ 2018ನೇ ಸಾಲಿನ, ಏಷ್ಯಾದ ಹೊರಗೆ ಆಡುವ ಅತ್ಯುತ್ತಮ ಏಷ್ಯನ್ ಆಟಗಾರ ಎಂಬ ಪ್ರಶಸ್ತಿಯೂ ಬಂತು.

ಜಪಾನ್ ತಂಡದ ವಿಷಯ ಚಿಕ್ಕದಾಗಿ ಹೇಳುತ್ತೇನೆ. 114 ಪಂದ್ಯ, ಅದರಲ್ಲಿ 81ರಲ್ಲಿ ನಾಯಕ. 2010ರ ವಿಶ್ವಕಪ್‌ಗೆ ಕೆಲವೇ ದಿನ ಇರುವಾಗ 26ರ ಹಸೆಬೆಗೆ ನಾಯಕತ್ವ ಬಂತು. ಆಮೇಲೆ 2014, 2018ರಲ್ಲೂ ಅವರೇ. 2011ರಲ್ಲಿ ದೋಹಾದಲ್ಲಿ ಏಷ್ಯನ್ ಕಪ್ ಎತ್ತಿದರು. 2018ರಲ್ಲಿ ಬೆಲ್ಜಿಯಂ ಎದುರು 2-0 ಮುಂದಿದ್ದು, ಕೊನೆಯ ಕ್ಷಣದಲ್ಲಿ 3-2ಕ್ಕೆ ಸೋತ ಪಂದ್ಯವೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಗಮನಿಸಿ, ಆ ವರ್ಷ ಅವರು ಕ್ಲಬ್‌ಗೆ ಬಹುತೇಕ ಡಿಫೆನ್ಸ್‌ನಲ್ಲಿ, ದೇಶಕ್ಕೆ ಮಿಡ್‌ಫೀಲ್ಡ್‌ನಲ್ಲಿ ಆಡುತ್ತಿದ್ದರು. ಹಿಂದೆ ಹೋದವನು ಮತ್ತೆ ಮುಂದೆ ಬರಲಾರ ಅಂತ ನಿಮ್ಮ ಮಗ ಅಂದುಕೊಂಡಿದ್ದರೆ ಇದನ್ನು ಹೇಳಿ.

2020ರಲ್ಲಿ ಅವರು ದಕ್ಷಿಣ ಕೊರಿಯಾದ ಚಾ ಬುಮ್-ಕುನ್ ಅವರ 308 ಪಂದ್ಯಗಳ ದಾಖಲೆ ದಾಟಿದರು. ಬುಂಡೆಸ್‌ಲಿಗಾದಲ್ಲಿ ಏಷ್ಯಾದ ಆಟಗಾರನೊಬ್ಬ ಆಡಿದ ಅತಿ ಹೆಚ್ಚು ಪಂದ್ಯಗಳ ದಾಖಲೆ ಅದು. ಚಾ ಕೂಡ ಫ್ರಾಂಕ್‌ಫರ್ಟ್‌ನವರೇ. 1980ರಲ್ಲಿ ಕ್ಲಬ್ ಯುಇಎಫ್ಎ ಕಪ್ (ಯುರೋಪಾ ಲೀಗ್‌ನ ಹಳೆಯ ಹೆಸರು) ಗೆದ್ದಾಗ ತಂಡದಲ್ಲಿದ್ದವರು. ಅದಾಗಿ 42 ವರ್ಷಕ್ಕೆ, 2022ರ ಮೇ 18ರಂದು, ಸೆವಿಲ್‌ನಲ್ಲಿ ಯುರೋಪಾ ಲೀಗ್ ಫೈನಲ್. ಎದುರಾಳಿ ಸ್ಕಾಟ್ಲೆಂಡ್‌ನ ರೇಂಜರ್ಸ್. 57ನೇ ನಿಮಿಷದಲ್ಲಿ ಫ್ರಾಂಕ್‌ಫರ್ಟ್‌ನ ಡಿಫೆಂಡರ್ ಟೂಟಾ ಜಾರಿ ಬಿದ್ದರು, ಅರಿಬೊ ಒಬ್ಬರೇ ಓಡಿ ಗೋಲು ಹೊಡೆದರು. ಟೂಟಾಗೆ ಗಾಯ. ಕೋಚ್ ಗ್ಲಾಸ್ನರ್ ಆ ಹೊತ್ತಿನಲ್ಲಿ ಕರೆದದ್ದು 38 ವರ್ಷದ ಹಸೆಬೆಯನ್ನು. ಕ್ಲಬ್‌ನ ನಾಲ್ಕು ದಶಕಗಳ ದೊಡ್ಡ ಪಂದ್ಯ, ಒಂದು ಗೋಲು ಹಿಂದೆ, ಸೆಕೆ, ಎದುರಿಗೆ ಓಡುವ ಹುಡುಗರು. ಬೋರೆ ಸಮಬಲ ಮಾಡಿದರು. ಹೆಚ್ಚುವರಿ ಸಮಯ ಮುಗಿಯುವವರೆಗೂ ಹಸೆಬೆ ನಿಂತರು. ಪೆನಾಲ್ಟಿಯಲ್ಲಿ 5-4. ಜಪಾನಿನ ದೈಚಿ ಕಮಾಡಾ ಕೂಡ ಅಲ್ಲಿ ತಮ್ಮ ಪೆನಾಲ್ಟಿ ಹೊಡೆದರು.

ಆ ಗೆಲುವಿನಿಂದ ಮುಂದಿನ ಸೀಸನ್‌ನಲ್ಲಿ ಚಾಂಪಿಯನ್ಸ್ ಲೀಗ್ ಸಿಕ್ಕಿತು. ಟಾಟನಂನ ಹ್ಯಾರಿ ಕೇನ್, ಸೋನ್ ಹ್ಯುಂಗ್-ಮಿನ್ ಎದುರು ಫ್ರಾಂಕ್‌ಫರ್ಟ್‌ನಲ್ಲಿ ಹಸೆಬೆ ಆಡಿದ ಪಂದ್ಯ 0-0. ಫೈನಲ್‌ಗೂ ಮೊದಲೇ, 2022ರ ಫೆಬ್ರವರಿಯಲ್ಲಿ, ಕ್ಲಬ್ ಅವರಿಗೆ 2027ರವರೆಗೆ ಒಪ್ಪಂದ ಕೊಟ್ಟಿತ್ತು. ಆಟ ನಿಲ್ಲಿಸಿದ ಮೇಲೆ ಅಲ್ಲೇ ಕೋಚಿಂಗ್ ಕಲಿಯುವ ಅವಕಾಶವೂ ಅದರಲ್ಲಿ ಸೇರಿತ್ತು. ಕೊನೆಯ ಪಂದ್ಯ 2024ರ ಮೇ 18, ಲೈಪ್ಸಿಗ್ ಎದುರು, ಸ್ವಂತ ಮೈದಾನದಲ್ಲಿ. ಬುಂಡೆಸ್‌ಲಿಗಾದಲ್ಲಿ ಒಟ್ಟು 384 ಪಂದ್ಯ, 7 ಗೋಲು. ನಿಮಗೆ ವಿಡಿಯೊದಲ್ಲಿ ಗೋಲು ಸಿಗದದ್ದು ಇದಕ್ಕೇ. ಆಮೇಲೆ ಫ್ರಾಂಕ್‌ಫರ್ಟ್‌ನ ಕಿರಿಯರ ತಂಡದ ಕೋಚಿಂಗ್‌ಗೆ ಇಳಿದರು. 2024ರಲ್ಲಿ ಮುಖ್ಯ ಕೋಚ್ ಮೊರಿಯಾಸು ಅವರ ಕೈಕೆಳಗೆ ಜಪಾನ್ ತಂಡದ ಕೋಚಿಂಗ್ ಬಳಗಕ್ಕೂ ಸೇರಿದರು.

ಬೆಂಗಳೂರಿನ ಹುಡುಗನಿಗೆ ಈ ದಾರಿ ಇದೆಯೇ? ಸುಳ್ಳು ಭರವಸೆ ಕೊಡಲಾರೆ. ನಮ್ಮ ಸುನಿಲ್ ಚೆಟ್ರಿ ಬೆಂಗಳೂರು ಎಫ್‌ಸಿಯ ನಾಯಕರಾಗುವುದಕ್ಕೆ ಕೆಲವು ವರ್ಷ ಮುಂಚೆ, 2009ರಲ್ಲಿ, ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಅವರನ್ನು ತೆಗೆದುಕೊಳ್ಳಲು ಮುಂದಾಗಿತ್ತು. ವರ್ಕ್ ಪರ್ಮಿಟ್ ಸಿಗಲಿಲ್ಲ. ಕಾರಣ ಚೆಟ್ರಿಯ ಆಟ ಅಲ್ಲ, ಭಾರತ ಫಿಫಾ ರ್ಯಾಂಕಿಂಗ್‌ನ ಮೊದಲ 70ರಲ್ಲಿ ಇರಲಿಲ್ಲ ಎಂಬುದು. ಆಮೇಲೆ 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್‌ಗೆ ಹೋದಾಗ ಆಡಲು ಸಿಕ್ಕಿದ್ದು ಬಿ ತಂಡದಲ್ಲಿ. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ನಾರ್ವೆಯ ಸ್ಟಾಬೆಕ್‌ನಲ್ಲಿ ಕೆಲವು ವರ್ಷ ಇದ್ದು, 2016ರಲ್ಲಿ ಯುರೋಪಾ ಲೀಗ್ ಅರ್ಹತಾ ಪಂದ್ಯ ಆಡಿ, ಮರುವರ್ಷ ಬೆಂಗಳೂರಿಗೆ ಬಂದರು. ಇವರಿಬ್ಬರೂ ಹೋದಾಗ ಹಿಂದೆ ಒಕುಡೆರಾ ಇರಲಿಲ್ಲ, ಮುಂದೆ ದಾರಿ ತೋರಿಸಲು ಸಂಸ್ಥೆಯೂ ಇರಲಿಲ್ಲ. ಜಪಾನಿನ ಫುಟ್‌ಬಾಲ್ ಸಂಸ್ಥೆ 2020ರಲ್ಲಿ ಡ್ಯೂಸೆಲ್‌ಡಾರ್ಫ್‌ನಲ್ಲಿ ತನ್ನದೇ ಕಚೇರಿ ತೆರೆದಿದೆ, ಯುರೋಪಿನಲ್ಲಿ ಆಡುವ ತನ್ನ ಆಟಗಾರರನ್ನು ನೋಡಿಕೊಳ್ಳಲು. ಈ ವ್ಯತ್ಯಾಸವನ್ನು ಒಬ್ಬ ಹುಡುಗನ ಶ್ರಮದಿಂದ ಮುಚ್ಚಲು ಆಗುವುದಿಲ್ಲ. ಇದು ನನಗೆ ನಿಜವಾಗಿಯೂ ಬೇಸರ ತರಿಸುವ ವಿಷಯ.

ಇನ್ನು ಮಗನ ವಿಷಯ. ಮೊದಲು ಕೋಚ್ ಹತ್ತಿರ ಅವನೇ ಹೋಗಿ ಕೇಳಲಿ: ನನ್ನನ್ನು ಯಾಕೆ ಹಿಂದೆ ಹಾಕಿದಿರಿ? ದೂರಿನ ದನಿ ಬೇಡ, ತಿಳಿಯುವುದಕ್ಕೆ ಕೇಳಲಿ. "ನೀನು ಆಟವನ್ನು ಓದುತ್ತೀಯ, ಹಿಂದಿನಿಂದ ಪಾಸ್ ಕೊಡಲು ನೀನು ಬೇಕು" ಅಂತ ಬಂದರೆ ಖುಷಿಪಡಿ. ಇವತ್ತಿನ ಫುಟ್‌ಬಾಲ್‌ನಲ್ಲಿ ಅದಕ್ಕೆ ಭಾರೀ ಬೇಡಿಕೆ. "ಬೇರೆ ಯಾರೂ ಇಲ್ಲ, ನೀನು ಎತ್ತರ ಇದ್ದೀಯ" ಅಂತ ಬಂದರೆ ಒಂದು ಸೀಸನ್ ಆಡಲಿ, ಆದರೆ ತರಬೇತಿಯಲ್ಲಿ ವಾರಕ್ಕೆ ಒಂದೆರಡು ದಿನವಾದರೂ ಮಿಡ್‌ಫೀಲ್ಡ್ ಆಡಲು ಬಿಡಿ ಅಂತ ಕೇಳಿಕೊಳ್ಳಲಿ. ಹಾಗೆ ಕೇಳುವುದು ಅಹಂಕಾರವಲ್ಲ. 14ಕ್ಕೆ ದೇಹ ಇನ್ನೂ ಬೆಳೆಯುತ್ತಿದೆ. 18ಕ್ಕೆ ಅವನ ಎತ್ತರ ಎಷ್ಟು, ಜಾಗ ಯಾವುದು ಅಂತ ಈಗಲೇ ಯಾರೂ ಬರೆದುಕೊಡಲಾರರು. ಎರಡೂ ಕಾಲಿನಲ್ಲಿ ಪಾಸ್ ಮಾಡುವುದನ್ನು ಮಾತ್ರ ಬಿಡದೆ ಕಲಿಯಲಿ, ಯಾವ ಜಾಗಕ್ಕೆ ಹೋದರೂ ಅದು ಬೇಕೇ ಬೇಕು.

ಮತ್ತೆ ಅವನಿಗೆ ಸೆವಿಲ್ ಫೈನಲ್‌ನ ಪೂರ್ತಿ ಪಂದ್ಯ ತೋರಿಸಿ, ಹೈಲೈಟ್ಸ್ ಅಲ್ಲ. 58ನೇ ನಿಮಿಷದಿಂದ ಹಾಕಿ. ಚೆಂಡು ಬಿಟ್ಟು 20ನೇ ನಂಬರಿನ ಅಂಗಿಯನ್ನೇ ನೋಡಲಿ. ಪ್ರತಿ ಪಾಸ್ ಬರುವ ಮೊದಲು ಆತ ಎಷ್ಟು ಸಲ ತಲೆ ತಿರುಗಿಸುತ್ತಾರೆ ಅಂತ ಹತ್ತು ನಿಮಿಷ ಎಣಿಸಲಿ. ಮುಂದಿನ ಪಂದ್ಯದಲ್ಲಿ ನೀವು ಗೆರೆಯಾಚೆ ನಿಂತು ಮಗನದ್ದನ್ನು ಎಣಿಸಿ, ಮನೆಗೆ ಬರುವಾಗ ಲೆಕ್ಕ ಹೇಳಿ.